ಕಿಟಕಿಗೆ ಯಾವ ಅಂಟು

ಝ್ಲೀನಿನ ಬೂಟು ಕಾರ್ಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಅಟ್ಟೆಗೆ ಅಂಟು ಬಳಿದವಳು ನಾನು.
ಯಾವುದು ಹಿಡಿಯುತ್ತದೆ, ಯಾವುದು ಕೈಕೊಡುತ್ತದೆ
ಮೂಗಿಗೇ ಗೊತ್ತು.
ತಮ್ಮ ಒಟಾಕರ್ ಕೇಳಬೇಕಲ್ಲ.

ಬೆಂಡಿನಷ್ಟು ಹಗುರ ಬಾಲ್ಸಾ ವಿಮಾನ,
ಹೆಬ್ಬೆರಳಗಲದ ಪ್ಲಾಸ್ಟಿಕ್ ಕಿಟಕಿ.
‘ಸೂಪರ್ ಗ್ಲೂ ಸಾಕು, ಹತ್ತೆಣಿಸುವುದರೊಳಗೆ ಕೂರುತ್ತದೆ’ ಎಂದ.
ಕೂತಿತು.
ಬೆಳಗ್ಗೆ ನೋಡಿದರೆ ಕಿಟಕಿಯ ತುಂಬ ಬಿಳಿ ಮಬ್ಬು,
ಜನವರಿಯ ಟ್ರಾಲಿಬಸ್ಸಿನಲ್ಲಿ ಯಾರೋ
ಬಾಯಿ ಹತ್ತಿರ ತಂದು ಉಸಿರು ಬಿಟ್ಟ ಹಾಗೆ.

ಎರಡನೆಯದಕ್ಕೆ ಎಪಾಕ್ಸಿ.
ಮೆತ್ತಿದ್ದೇ ಮೆತ್ತಿದ್ದು; ಮೂಗು ಭಾರವಾಗಿ
ಹುಲ್ಲಿಗೆ ಮುತ್ತಿಕ್ಕಿತು.

ಮೂರನೆಯದಕ್ಕೆ ನಾನೇ ಕೂತೆ.
ಹಾಲಿನಂಥ ಅಂಟು, ಹಲ್ಲುಕಡ್ಡಿಯ ತುದಿಯಲ್ಲಿ
ಹುಬ್ಬು ತೀಡಿದಷ್ಟೇ.
ಟೇಪು ಸುತ್ತಿ ರಾತ್ರಿಯೆಲ್ಲ ಬಿಟ್ಟೆವು.
ಅವಸರ ಗೊತ್ತಿಲ್ಲದ ಅಂಟು ಅದು.
ಬೆಳಗಾಗುವಾಗ ಹಾಲು ತನ್ನ ಬಣ್ಣ ತಾನೇ ಮರೆತು
ತಿಳಿನೀರಾಗಿತ್ತು.

ಭಾನುವಾರ ಗುಡ್ಡದ ಮೇಲೆ
ಒಟಾಕರ್ ಡಬ್ಬದಿಂದ ತೆಗೆದದ್ದು ಮಬ್ಬು ಕಿಟಕಿಯದನ್ನೇ.
ನನ್ನದು ಮನೆಯ ಶೆಲ್ಫಿನಲ್ಲಿ,
ಒಳಗಿನ ಖಾಲಿಯನ್ನೆಲ್ಲ ನಿಚ್ಚಳವಾಗಿ ತೋರಿಸುತ್ತ.
‘ಯಾಕೋ?’ ಅಂದೆ.
ಗಾಳಿಗೆ ಒದ್ದೆ ಬೆರಳು ಹಿಡಿದು ನಿಂತಿದ್ದ, ತಿರುಗಲಿಲ್ಲ.
‘ಇದರೊಳಗೆ ಆಳಿದ್ದಾನೆ ಅಕ್ಕಾ’ ಅಂದ.