ಎಷ್ಟು ಕೆಂಪು

ಕಿಹ್ನು ದ್ವೀಪದಲ್ಲಿ ಹೆಂಗಸಿನ ಮನಸ್ಸು ಕೇಳಬೇಕಿಲ್ಲ,
ಲಂಗ ನೋಡಿದರೆ ಸಾಕು.
ಹರೆಯಕ್ಕೆ ಕೆಂಪು, ಸಾವಿಗೆ ಕಪ್ಪು, ನೀಲಿ.
ದುಃಖ ಇಳಿದಂತೆ ಒಂದೊಂದೇ ಗೆರೆಯಾಗಿ
ಕೆಂಪು ಮರಳಬೇಕು ಉಣ್ಣೆಗೆ.
ಎಷ್ಟು ದಿನಕ್ಕೆ ಎಷ್ಟು ಗೆರೆ?
ಲೆಕ್ಕ ಇಡಲು ಎದುರುಮನೆಯ ಮಾನ್ ಅಜ್ಜಿ ಇದ್ದಾಳೆ,
ಅವಳ ಕಿಟಕಿ ಇದೆ, ಕನ್ನಡಕ ಇದೆ.

ಅಪ್ಪ ಹೋದ ಮೇಲಿನ ಎರಡನೆಯ ಚಳಿಗಾಲ.
ಹೊರಗೆ ಕಡಲು ಹೆಪ್ಪುಗಟ್ಟಿತ್ತು,
ಒಳಗೆ ಅಮ್ಮ ರೈ ಹಿಟ್ಟಿಗೆ ಹೆಪ್ಪು ಹಾಕುತ್ತಿದ್ದಳು.
ಆ ಮರದ ತೊಟ್ಟಿಯನ್ನು ಎಂದೂ ತೊಳೆಯಳು.
ಕಳೆದ ಶನಿವಾರದ ಹುಳಿ ಅಂಚಿಗಂಟಿ ಒಣಗಿರಬೇಕು,
ಅದರೊಳಗೆ ಅದರ ಹಿಂದಿನ ಶನಿವಾರದ್ದು,
ಹೀಗೇ ಹಿಂದೆ ಹಿಂದೆ ಹೋದರೆ
ಅಪ್ಪ ಬಿಸಿ ತುಂಡಿಗೆ ಬೆಣ್ಣೆ ಸವರುತ್ತಿರುವ
ಯಾವುದೋ ಒಂದು ಶನಿವಾರ.

ಅಮ್ಮನಿಗೊಂದೇ ಹವ್ಯಾಸ, ಪದಬಂಧ.
ಪೆನ್ನಿನಲ್ಲೇ ತುಂಬುತ್ತಾಳೆ, ತಪ್ಪಾದರೂ ಸರಿ.
ಮನೆ ಸಾಲದಿದ್ದರೆ ಎರಡಕ್ಷರ ಒಂದರಲ್ಲೇ ತುರುಕಿ
‘ಜಾಗ ಮಾಡಿಕೊಂಡರೆ ಜಾಗ’ ಅನ್ನುತ್ತಾಳೆ.
ಒಂದೇ ಮಂಚದಲ್ಲಿ ನಾನೂ ತಮ್ಮ ಟಾವೆಟ್ಟೂ
ಒದ್ದಾಡುವಾಗಲೂ ಇದೇ ಮಾತು.

ಜನವರಿಯಲ್ಲಿ ಅಪ್ಪನ ಸ್ವೆಟರ್ ಬಿಚ್ಚಿದಳು.
ಬಿಚ್ಚಿದ ನೂಲು ಗುಂಗುರು ಗುಂಗುರು,
ಮೊಣಕೈ ಮಡಿಸಿದ್ದೆಲ್ಲ ನೆನಪಿಟ್ಟುಕೊಂಡಂತೆ.
ನೆನೆಸಿ, ಹಿಂಡಿ, ತುದಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿ
ಮೂರು ದಿನ ತೊಲೆಗೆ ತೂಗುಹಾಕಿದಳು.
ನೂಲು ನೆಟ್ಟಗಾಯಿತು.
ನಾಲ್ಕನೆಯ ದಿನ ಟಾವೆಟ್ಟನ ಕಾಲುಚೀಲ ಶುರುವಾಯಿತು.
ಉಳಿದ ಚೂರುಪಾರು ಕೆಟಲಿನ ಹಿಡಿಗೆ ಸುತ್ತಿದಳು.

ಮಗ್ಗಕ್ಕೆ ಹಾಸು ಹೂಡುವ ದಿನ
ಎಣಿಸುವ ಕೆಲಸ ನನ್ನದು.
ಕಪ್ಪು ನಲವತ್ತು. ನೀಲಿ ಹನ್ನೆರಡು. ಮತ್ತೆ ಕಪ್ಪು.
ಹಸಿರು ಎರಡು.
‘ಕೆಂಪು?’ ಅಂದೆ.
ಅಮ್ಮ ಎದ್ದು ಒಲೆಯ ಬಾಗಿಲು ತೆರೆದು ನೋಡಿದಳು.
ಬ್ರೆಡ್ಡು ಬೇಯಲು ಇನ್ನೂ ಮುಕ್ಕಾಲು ಗಂಟೆ ಇತ್ತು,
ಅದು ಅವಳಿಗೂ ಗೊತ್ತಿತ್ತು.
ಬೆನ್ನು ತಿರುಗಿಸಿಕೊಂಡೇ ‘ಒಂದು’ ಅಂದಳು.
ಕ್ಯಾಲೆಂಡರಿನ ಹಿಂದೆ ಒಂದು ಅಂತ ಬರೆದೆ.

ಮರುದಿನ ಶಾಲೆಯಿಂದ ಬಂದು
ಮಗ್ಗದ ಮೇಲೆ ಬೆರಳಿಟ್ಟು ಎಣಿಸಿದರೆ ಮೂರು.
ಎಣಿಸಲು ಬಾರದವಳಲ್ಲ ಅಮ್ಮ,
ಮೀನಿನ ತೂಕದಲ್ಲಿ ವ್ಯಾಪಾರಿಯ ಬೆವರಿಳಿಸಿದವಳು.
‘ಕಪ್ಪು ಸಾಲಲಿಲ್ಲ,’ ನಾನು ಕೇಳದೆಯೇ ಹೇಳಿದಳು.
ಮಂಚದ ಕೆಳಗೆ ಕಪ್ಪು ನೂಲಿನುಂಡೆ
ಬೆಕ್ಕಿನಷ್ಟು ದಪ್ಪ, ತೆಪ್ಪಗೆ ಬಿದ್ದುಕೊಂಡಿತ್ತು.

ಮಾರ್ಚ್ ಕೊನೆಗೆ ಮಂಜುಗಡ್ಡೆ ಬಿರಿಯುವ ಸದ್ದು.
ಹೊಸ ಲಂಗ ಉಟ್ಟು, ಮೇಲೆ ಏಪ್ರನ್ ಬಿಗಿದು
ಅಮ್ಮ ಅಪ್ಪನ ಮೋಟಾರ್ ಸೈಕಲ್ಲನ್ನು ಒದ್ದಳು.
ಏಳನೆಯ ಒದೆತಕ್ಕೆ ಹೊಗೆ ಬಂತು.
ಹೊಗೆ ನೋಡಿ ಮಾನ್ ಅಜ್ಜಿಯೂ ಬಂದಳು,
ತನ್ನ ಹುಳಿ ಸತ್ತಿತೆಂದು, ಹೆಪ್ಪು ಬೇಕೆಂದು, ಲೋಟ ಹಿಡಿದು.
ಅವಳ ತುಟಿ ಅಲುಗಿದ್ದು ನಾನು ಕಂಡೆ, ಒಂದು, ಎರಡು...
ಅಮ್ಮನೂ ಕಂಡಳು.
ಎಣಿಸಿಕೋ ಎಂಬಂತೆ ಸೊಂಟಕ್ಕೆ ಕೈಕೊಟ್ಟು
ಒಂದು ಸುತ್ತು ತಿರುಗಿಯೇ ಬಿಟ್ಟಳು.

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡಳು.
‘ನಿನ್ನ ವಯಸ್ಸಿನಲ್ಲಿ ನಾನು ಐದು ಹಾಕಿದ್ದೆ.’
ಅಷ್ಟೇ. ಲೋಟದ ಬಾಯಿಗೆ ಅಂಗೈ ಮುಚ್ಚಿ
ಕೆಸರು ದಾಟಿ ಹೊರಟುಹೋದಳು.

ಆ ರಾತ್ರಿ ದೀಪದಡಿ ಅಮ್ಮ, ಪೆನ್ನು, ಹಳೆಯ ಪತ್ರಿಕೆ.
ಒಲೆಯ ಮೇಲೆ ಹೊಗೆ ಹಿಡಿಸಿದ ಮೀನಿನ ಸಾರು.
‘ದಕ್ಷಿಣದ ಒಂದು ನದಿ,
ಉತ್ತರ ಗೊತ್ತು ಕಣೇ, ಒಂದು ಮನೆ ಕಡಿಮೆ ಬೀಳ್ತಿದೆ.’
ಟಾವೆಟ್ ಮಲಗಿದ್ದ, ಅಪ್ಪನ ನೂಲಿನ ಪಾದ
ಕಂಬಳಿಯ ಹೊರಗಿತ್ತು.
‘ತುರುಕಮ್ಮ,’ ಅಂದೆ.