ವಾರ ತಳ್ಳುವ ಸೊಪ್ಪು

ಕಾಂಗೆಮಿಯ ಇಳಿಜಾರಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ
ಚಿಕ್ಕಮ್ಮ ನಸಾಂಬುವಿನ ಅಂಗಡಿ: ನಾಲ್ಕು ಕಂಬ, ಒಂದು ತಗಡು.
ಸುಕುಮ ಸೊಪ್ಪಿನ ಹತ್ತು ಎಲೆ ಒಂದರ ಮೇಲೊಂದು ಪೇರಿಸಿ
ಸುರುಳಿ ಸುತ್ತಿ, ಹೆಬ್ಬೆರಳಿನಿಂದ ಅದುಮಿ
ಕೈಯಲ್ಲೇ ಹೆಚ್ಚುತ್ತಾಳೆ, ಹಲಗೆ ಬೇಡ.
ಹಸಿರು ನೂಲು ಬೇಸಿನ್ನಿಗೆ ಉದುರುತ್ತದೆ,
ಮಗುವಿನ ಕೂದಲು ಉದುರಿದಂತೆ.

ನಾನು ವಿಮಾನ ನಿಲ್ದಾಣದ ಹತ್ತಿರದ ಕಾರ್ಖಾನೆಯಲ್ಲಿ
ಮೂರು ವರ್ಷ ಬೀನ್ಸಿನ ತುದಿ ಕತ್ತರಿಸಿದವಳು.
ಬಿಳಿ ಬೂಟು, ಬಲೆಟೋಪಿ, ದಿನಾ ಉಗುರಿನ ತಪಾಸಣೆ.
ಗೋಡೆಯ ಮೇಲೆ ಕೆಂಪು ಅಂಕಿ: ನಾಲ್ಕು ಡಿಗ್ರಿ.
ಅದು ಐದಾದರೆ ಸೂಪರ್‌ವೈಸರ್ ಓಡಿಬರುತ್ತಿದ್ದ.
ನನಗೆ ಜ್ವರ ಏರಿದಾಗ
ಯಾರೂ ಓಡಿದ್ದು ನೆನಪಿಲ್ಲ.
ಅಲ್ಲಿ ಕಲಿತದ್ದು ಇಷ್ಟು:
ಗಿಡ ಬಿಟ್ಟ ಮೇಲೂ ಕಾಯಿ ಉಸಿರಾಡುತ್ತದೆ,
ಕೊಯ್ದರೆ ಇನ್ನೂ ಜೋರು, ಬೆಟ್ಟ ಹತ್ತಿದವರ ಏದುಸಿರು.
ತಂಪು ಅಂದರೆ ಬೇರೇನಲ್ಲ,
ಅದರ ಬೆನ್ನು ಸವರಿ ‘ನಿಧಾನ, ನಿಧಾನ’ ಅನ್ನುವುದು.

ಕೆಲಸ ಹೋಗಿ ಇಲ್ಲಿಗೆ ಬಂದು ಇದನ್ನೆಲ್ಲ ಹೇಳಿದೆ.
ಚಿಕ್ಕಮ್ಮ ನಕ್ಕಳು. ಅವಳಿಗೆ ಫ್ರಿಜ್ಜಿಲ್ಲ.
ಇರುವುದು ಮಂಗಳವಾರದ ಒಪಾಟಿ,
ಸೈಕಲ್ ತುಳಿದು ಚಾಕುವಿಗೆ ಸಾಣೆ ಹಿಡಿಯುವವನು.
“ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ.
ಜಜ್ಜಿದ ಅಂಚು ಬೆಳಗಾಗುವುದರೊಳಗೆ ಕಪ್ಪು.
ತೊಳೆಯುವುದಿದ್ದರೆ ಹೆಚ್ಚುವ ಮೊದಲೇ ತೊಳೆ,
ಗಾಯವನ್ನು ಯಾರಾದರೂ ನೀರಲ್ಲಿ ನೆನೆಸಿಡುತ್ತಾರೇನೆ?
ಚೀಲದ ಬಾಯಿ ಬಿಗಿಯಬೇಡ. ಬೆವರುತ್ತದೆ.”

ಆ ಗುರುವಾರ ಮಟಾಟು ಮುಷ್ಕರ.
ನನಗೇನು ಗೊತ್ತು? ಗಿರಾಕಿ ಕಾಯಬಾರದೆಂದು
ನಾಲ್ಕು ಗಂಟೆಗೇ ಆರು ಕಟ್ಟು ಹೆಚ್ಚಿಟ್ಟಿದ್ದೆ.
ಪಟ್ಟಣದಿಂದ ನಡೆದೇ ಬಂದವರು ಒಂಬತ್ತಕ್ಕೆ
ಕಾಲೆಳೆಯುತ್ತ ಅಂಗಡಿ ದಾಟಿ ಹೋದರು,
ಒಲೆ ಹಚ್ಚುವ ಮುಖ ಒಂದೂ ಇರಲಿಲ್ಲ.

ಒದ್ದೆ ಮರಳಿನ ಮೇಲೆ ಬೇಸಿನ್ನು, ಅದರ ಮೇಲೆ ಒದ್ದೆ ಲೇಸೋ ಬಟ್ಟೆ.
ರಾತ್ರಿ ಮೂರು ಸಲ ಎದ್ದು ನೀರು ಚಿಮುಕಿಸಿದೆ,
ಕೂಸಿನ ಹಣೆಗೆ ಪಟ್ಟಿ ಹಾಕಿದ ಹಾಗೆ.
ಬೆಳಿಗ್ಗೆ ಮೇಲ್ಪದರ ಹಸಿರೇ.
“ಇದರ ಮೇಲೆ ಹೊಸದು ಹರಡಿದರೆ
ಯಾರಿಗೆ ಗೊತ್ತಾಗುತ್ತದೆ?” ಅಂದೆ.
ಚಿಕ್ಕಮ್ಮ ತಳದವರೆಗೂ ಕೈ ಹಾಕಿ
ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.
ಬಿಸಿಯಿತ್ತು. ನಿಜವಾಗಿ ಬಿಸಿ,
ರಾತ್ರಿಯಿಡೀ ಓಡಿದ ಮೈಯ ಹಾಗೆ.
ಅವಳು ಮಾತಾಡಲಿಲ್ಲ.
ಕಲಾಯಿ ಮನೆಯ ಮೇಕೆಗೆ ಸುರಿದಳು,
ಅದೂ ಆರಿಸಿ ಆರಿಸಿ ತಿಂದಿತು.

ಸುಕುಮ ವಿಕಿ ಅಂದರೆ ‘ವಾರವನ್ನು ತಳ್ಳು’.
ಸಂಬಳ ಬರುವವರೆಗೆ ಮನೆಯನ್ನು ದೂಡುವ ಸೊಪ್ಪು.
ಎಷ್ಟು ಮನೆಗಳ ವಾರ ತಳ್ಳಿದ ಎಲೆ,
ಹೆಚ್ಚಿಟ್ಟರೆ
ತನ್ನದೇ ಒಂದು ರಾತ್ರಿ ತಳ್ಳಲಾರದು.

ಈಗ ಕಟ್ಟುಗಳು ಬಕೆಟ್ಟಿನಲ್ಲಿ
ದಂಟು ನೀರಲ್ಲೂರಿ ನಿಂತಿರುತ್ತವೆ.
ಚಾಕು ಮಡಿಲಲ್ಲಿ, ಕಿವಿ ರಸ್ತೆಯಲ್ಲಿ.
“ಹೆಚ್ಚು,” ಅನ್ನುತ್ತಾಳೆ ಚಿಕ್ಕಮ್ಮ, “ಹೆಚ್ಚು ಹೆಚ್ಚಬೇಡ.”

ಏಳೂವರೆಗೆ ಹಾರ್ನು. ವಾಚ್‌ಮನ್ ಶಿಸಿಯಾ ಇಳಿಯುತ್ತಾನೆ.
“ಇಪ್ಪತ್ತು ಶಿಲ್ಲಿಂಗಿನದು. ಸಣ್ಣಗೆ.”
ಅವನೆದುರೇ ಹೆಚ್ಚುತ್ತೇನೆ.
ಸೊಪ್ಪು ಏದುಸಿರು ಶುರುಮಾಡುವಷ್ಟರಲ್ಲಿ
ಅವನು ಇಳಿಜಾರಿನ ಕೆಳಗೆ, ತಿರುವಿನಲ್ಲಿ.
ಅಲ್ಲೆಲ್ಲೋ ಈರುಳ್ಳಿ ಕೆಂಪಗಾಗಿರಬೇಕು.