ಕಾಟಿಕೊಂಬು, ಬಂಗುಡೆಬಾಲ

ಎಷ್ಟು ಕಿಲೋಮೀಟರ್ ಎಂದು ಕೇಳಿದರೆ
ನೋಣಯ್ಯ ಮಲೆಕುಡಿಯರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾರೆ.
"ಸಂಕದಿಂದ ಧೂಪದ ಮರಕ್ಕೆ ಒಂದು ಎಲೆಯಡಿಕೆ,
ಧೂಪದಿಂದ ಹುಲ್ಲಿಗೆ ಎರಡು.
ಮತ್ತೆ ಬಾಯಿ ಒಣಗ್ತದೆ, ಲೆಕ್ಕ ಇಲ್ಲ."

ನನ್ನ ಫಾರಮ್ಮಿನಲ್ಲಿ ಎಲೆಯಡಿಕೆಗೆ ಕಾಲಮ್ಮಿಲ್ಲ.
ಕಾರ್ಕಳದ ಕಚೇರಿ ಕೊಟ್ಟದ್ದು ಒಂದು ಟೇಪು,
ಹಳದಿ ಪೇಂಟಿನ ಡಬ್ಬ, ಕೂದಲುದುರುವ ಬ್ರಷ್ಷು,
ಹದಿನೈದು ದಿನದ ಗಡುವು:
ಮಾಳದಿಂದ ಮೇಲಕ್ಕೆ ಚಾರಣದ ದಾರಿ
ನಕ್ಷೆಯಾಗಬೇಕು.

ಕಾಡೊಳಗೆ ಹತ್ತು ಗಂಟೆಗೂ ಮಬ್ಬು.
ಅವರು ಮುಂದೆ, ಸೊಂಟದಲ್ಲಿ ಕತ್ತಿ, ಬರಿಗಾಲು;
ನಾನು ಹಿಂದೆ, ಸಾಕ್ಸಿನೊಳಗೆ ಹೊಗೆಸೊಪ್ಪಿನ ಪುಡಿ.
ಆದರೂ ಉಂಬುಳ ಹತ್ತಿತು, ಮೊಣಕಾಲಿನವರೆಗೂ.
"ಅದಕ್ಕೆ ಯಾರು ದಾರಿ ಬರೆದುಕೊಟ್ಟರು, ಹೇಳಿ ನೋಡುವ,"
ಎಂದು ನಕ್ಕರು.

ರೆಂಜೆಯ ತೊಗಟೆ ಒರೆಸಿ ಬ್ರಷ್ಷು ಎತ್ತಿದರೆ
"ಅದರಲ್ಲಿ ಬೇಡ" ಎಂದರು. ಕಾರಣ ಹೇಳಲಿಲ್ಲ.
ಪಕ್ಕದ ಕಲ್ಲಿಗೆ ಬಳಿದೆ.
ಕಲ್ಲಿನ ಬಗ್ಗೆ ಅವರಿಗೇನೂ ತಕರಾರಿಲ್ಲ.

ಕಾಡು ಮುಗಿದದ್ದು ಬಾಗಿಲು ತೆರೆದಂತಲ್ಲ,
ಮಲಗಿದವಳ ಕಂಬಳಿ ಯಾರೋ ಕಿತ್ತುಕೊಂಡಂತೆ.
ಗಾಳಿ, ಬೆಳಕು, ಜೊತೆಗೊಂದು ನಾಚಿಕೆ.
ಸೊಂಟದೆತ್ತರ ಮುಳಿಹುಲ್ಲು
ಒಂದು ಗುಡ್ಡ ಹತ್ತಿ, ಇಳಿದು, ಮತ್ತೊಂದು ಹತ್ತಿ
ಎಲ್ಲೂ ಒಡೆಯದ ಅಲೆ.
ಮಲ್ಪೆಯವಳು ನಾನು, ದಡಕ್ಕೆ ಬಂದು
ಒಡೆಯುವ ಅಲೆ ಮಾತ್ರ ಕಂಡವಳು.

ಎರಡು ಕೋಡುಗಳ ನಡುವೆ ಕೆರೆ.
ದೊಡ್ಡದೇನಲ್ಲ, ನಮ್ಮ ಬಲೆ ಹರಡಿದರೆ ಮುಚ್ಚೀತು.
ಅಂಚಿನ ಕೆಸರಲ್ಲಿ ಕಾಟಿಯ ಗೊರಸು,
ಒಂದೊಂದು ಗೊರಸಿನಲ್ಲೂ ನೀರು,
ಒಂದೊಂದು ನೀರಲ್ಲೂ ಗೊದಮೊಟ್ಟೆ.
ಆಳ ಎಷ್ಟು?
"ಆಟಿಯಲ್ಲಿ ಕೇಳಿದರೆ ಒಂದು, ಸುಗ್ಗಿಯಲ್ಲಿ ಕೇಳಿದರೆ ಒಂದು.
ನಿಮಗೆ ಯಾವುದು ಬೇಕು?"

ಪಡುವಣಕ್ಕೆ, ಬಹಳ ಕೆಳಗೆ, ಪೆನ್ಸಿಲ್ಲಿನ ಗೆರೆ.
"ಅದು ನಿಮ್ಮದಲ್ವಾ, ಸಮುದ್ರ?
ಅರುವತ್ತು ವರ್ಷದಿಂದ ನೋಡ್ತಾ ಇದ್ದೇನೆ.
ಹೋಗಲಿಲ್ಲ. ಅಲ್ಲಿ ನನಗೆ ಕೆಲಸ ಇರಲಿಲ್ಲ."
ಈ ಗುಡ್ಡದ ಹೆಸರು?
"ಕಾಟಿಕೊಂಬು. ಮತ್ತೆ ಯಾವುದಾಗ್ತದೆ?"

ತಲೆಯೆತ್ತಿ ನೋಡಿದೆ, ಆಚೆಗೊಂದು, ಈಚೆಗೊಂದು.
ಕಾಲು ನಿಂತುಹೋಯಿತು.
ಏಳು ವರ್ಷದವಳಿದ್ದೆ, ಅಮ್ಮನಿಗೆ ತಿಳಿಯದಂತೆ
ಅಪ್ಪ ಒಮ್ಮೆ, ಒಮ್ಮೆ ಮಾತ್ರ, ದೋಣಿಯಲ್ಲಿ ಕರೆದೊಯ್ದಾಗ
ಮೂಡುದಿಕ್ಕಿಗೆ ಬೆರಳು ಮಾಡಿ ಹೇಳಿದ್ದರು:
"ಕಾಪು ದೀಪಸ್ತಂಭದ ನೆತ್ತಿಯ ಮೇಲೆ
ಬಂಗುಡೆಬಾಲ ಬಂದು ಕೂತಿತೋ, ಅಲ್ಲೇ ಬಲೆ."
ಆಕಾಶಕ್ಕೆ ಬಾಲವೆತ್ತಿ, ಮೂತಿ ಭೂಮಿಯೊಳಗೆ ಹೂತ
ನೀಲಿ ಮೀನು.
ಈಗ ಅದರ ಸೀಳಿನಲ್ಲಿ ನಿಂತು
ಬೂಟಿನ ಕೆಸರು ತೊಳೆಯುತ್ತಿದ್ದೇನೆ.

ನೋಣಯ್ಯರಿಗೆ ಹೇಳಿದೆ. ಬಹಳ ಹೊತ್ತು ಅಗಿದರು.
ನಮ್ಮ ಕೊಂಬಿಗೆ ಬಾಲ ಅಂತಾರಾ ಎಂದು
ಬೇಸರಪಟ್ಟಾರೆಂದುಕೊಂಡೆ.
"ಹಸಿ ಬಂಗುಡೆ ಹೇಗಿರ್ತದೆ?" ಕೇಳಿದರು.
"ಈ ಘಾಟಿ ಹತ್ತುವುದು ಒಣಗಿದ್ದೇ."
ಏನು ಹೇಳಲಿ? ಉಪ್ಪು ಕಮ್ಮಿ ಎಂದೆ.

ಇಳಿಯಲು ಬೇರೆ ದಾರಿ ಹಿಡಿದರು.
ಹತ್ತಿದ್ದರಲ್ಲೇ ಇಳಿದರೆ ಮಂಡಿಗೆ ಸಿಟ್ಟು ಬರ್ತದಂತೆ.
ಅದಕ್ಕೆ ಬಳಿಯಲು ಪೇಂಟು ಉಳಿದಿರಲಿಲ್ಲ.

ಅಚ್ಚಾಗಿ ಬಂದ ನಕ್ಷೆಯಲ್ಲಿ
ಕಾಟಿಯೂ ಇಲ್ಲ, ಮೀನೂ ಇಲ್ಲ:
ಶಿಖರ, ೧೦೬೨ ಮೀ. ಪಕ್ಕದಲ್ಲಿ ಸಣ್ಣ ನೀಲಿ ಚುಕ್ಕೆ.

ಅಪ್ಪನ ಬೋಟಿಗೀಗ ಜಿಪಿಎಸ್ ಉಂಟು,
ಗುಡ್ಡ ನೋಡುವ ಅಗತ್ಯವಿಲ್ಲ.
ಧಕ್ಕೆಯಲ್ಲಿ ಇಂಜಿನ್ನಿಗೆ ಕೈಹಾಕಿ ಕೂತವರ ಮುಂದೆ
ನಕ್ಷೆ ಬಿಡಿಸಿದೆ. ಕನ್ನಡಕ ಹಣೆಗೇರಿಸಿ
ಚುಕ್ಕೆಯ ಮೇಲೆ ಗ್ರೀಸಿನ ಬೆರಳಿಟ್ಟರು.

"ಬಾಲದಲ್ಲಿ ನೀರುಂಟಾ?
ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ ಮಾರಾಯ್ತಿ."